ಹೊಲಿಗೆ ಶೆಡ್ಡಿನ ಫ್ಯಾನುಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಜಾಜಿನಗರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಕಟ್ಟಡಗಳ ಲೈಟು, ಫ್ಯಾನು, ಪಂಪುಗಳನ್ನು ಹೊತ್ತಿಗೆ ಸರಿಯಾಗಿ ತಾನೇ ಹಾಕಿ ಆರಿಸುವ ಕಂಟ್ರೋಲರ್ ಪೆಟ್ಟಿಗೆಗಳನ್ನು ಮಾಡುತ್ತಿದ್ದೆವು. ಅವಕ್ಕೆ ಪ್ರೋಗ್ರಾಂ ಬರೆಯುವವಳು ನಾನು. ಡಿಪ್ಲೊಮಾ ಮುಗಿಸಿದ ಜಂಬವೂ ಇತ್ತು.

ಒಮ್ಮೆ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಆರ್ಡರ್ ಬಂತು. ಕರೆಂಟ್ ಉಳಿಸಬೇಕಂತೆ. ಹೊಲಿಗೆ ಶೆಡ್ಡಿನ ಫ್ಯಾನುಗಳು ನಲವತ್ತು ನಿಮಿಷ ತಿರುಗಬೇಕು, ಇಪ್ಪತ್ತು ನಿಮಿಷ ನಿಲ್ಲಬೇಕು, ಮತ್ತೆ ಮೊದಲಿಂದ. ಬೆಳಗಿನಿಂದ ಸಂಜೆಯವರೆಗೂ ಹೀಗೇ. ಐದು ಸಾಲಿನ ಪ್ರೋಗ್ರಾಂ: ಹಾಕು, ಕಾಯಿ, ಆರಿಸು, ಕಾಯಿ, ಮೊದಲ ಸಾಲಿಗೆ ಹೋಗು. ಆ ಶೆಡ್ಡಿನಲ್ಲಿ ನನ್ನ ಅಕ್ಕ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ನನಗದು ಗೊತ್ತಿತ್ತು. ಆದರೂ ಊಟದ ಹೊತ್ತಿಗೆ ಮುಂಚೆಯೇ ಬರೆದು ಮುಗಿಸಿದೆ.

ಏಪ್ರಿಲ್ ತಿಂಗಳ ಒಂದು ಸಂಜೆ ಅಕ್ಕ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಬಂದವಳೇ ಬಾಗಿಲಲ್ಲೇ ಕುಸಿದು ಕುಳಿತಳು. ರವಿಕೆ ಬೆನ್ನಿಗೆ ಅಂಟಿತ್ತು.

"ಯಾವನೋ ಗಂಟೆಗೊಂದ್ಸಲ ಫ್ಯಾನ್ ಆರಿಸ್ತಾನೆ ಕಣೇ. ಅವನ ಕೈ ಸೇದ್ಹೋಗ! ಇವತ್ತು ಪಕ್ಕದ ಮೆಷಿನ್ನೋಳು ತಲೆಸುತ್ತಿ ಬಿದ್ಲು."

ನೀರು ತಂದುಕೊಟ್ಟೆ.

ಮರುದಿನ ನಮ್ಮ ಯಜಮಾನರನ್ನು ಕೇಳಿದೆ: "ಸಾರ್, ಇಪ್ಪತ್ತು ನಿಮಿಷ ಜಾಸ್ತಿ ಆಯ್ತು. ಐದು ಮಾಡೋಣ್ವಾ?"

"ಕಸ್ಟಮರ್ ಏನ್ ಕೇಳಿದ್ರೋ ಅದನ್ನ ಮಾಡಮ್ಮ. ಅಲ್ಲಿನ ಸೆಕೆ ನಮಗ್ಯಾಕೆ?"

ಆ ವಾರ ಸರ್ವಿಸ್‌ಗೆಂದು ಕಾರ್ಖಾನೆಗೆ ಹೋದಾಗ, ಯಾರಿಗೂ ಹೇಳದೆ ಇಪ್ಪತ್ತನ್ನು ಐದು ಮಾಡಿ ಬಂದೆ. ಕೆಲವು ದಿನ ನಡೆಯಿತು. ಆಮೇಲೆ ಅಲ್ಲಿನ ಮ್ಯಾನೇಜರ್ ಗಡಿಯಾರ ಹಿಡಿದು ನೋಡಿ ದೂರು ಕೊಟ್ಟರು. ಯಜಮಾನರು ಬೈಯಲಿಲ್ಲ. "ನೀನೇ ಕೆಡಿಸಿದ್ದು, ನೀನೇ ಹೋಗಿ ಸರಿಮಾಡು" ಅಂದರು.

ಪೆಟ್ಟಿಗೆ ಇದ್ದದ್ದು ಶೆಡ್ಡಿನ ಗೋಡೆಯಲ್ಲಿ, ಎಲ್ಲರ ಕಣ್ಣೆದುರಿಗೆ. ಐದನ್ನು ಇಪ್ಪತ್ತು ಮಾಡಿದೆ. ಮ್ಯಾನೇಜರ್ ಬಿಡಲಿಲ್ಲ. "ಎಲ್ಲಿ, ಆರಿಸಿ ತೋರಿಸಿ" ಅಂದರು. ಗುಂಡಿ ಒತ್ತಿದೆ. ಫ್ಯಾನುಗಳು ಒಂದೊಂದಾಗಿ ನಿಧಾನವಾಗಿ ನಿಂತವು. ಹೆಂಗಸರೆಲ್ಲ ತಲೆಯೆತ್ತಿ ಮೇಲೆ ನೋಡಿದರು. ಅಕ್ಕ ಮಾತ್ರ ನನ್ನನ್ನು ನೋಡಿದಳು.

ಅಂದು ಸಂಜೆ ಅನ್ನ ಬಡಿಸಿಕೊಳ್ಳುತ್ತಾ ಕೇಳಿದಳು. "ನೀನೇನಾ?"

"ಕೆಲ್ಸ ಅಕ್ಕಾ. ಏನ್ ಮಾಡ್ಲಿ?"

"ಹ್ಞೂಂ. ನಂದೂ ಕೆಲ್ಸಾನೇ."

ಮತ್ತೆ ಎರಡು ವರ್ಷ ಅವಳು ಅಲ್ಲೇ ದುಡಿದಳು. ಕಾರ್ಖಾನೆಯ ಒಂದು ಮಾತನ್ನೂ ನನ್ನೆದುರು ಎತ್ತಲಿಲ್ಲ. ಅದೇ ಪ್ರೋಗ್ರಾಮನ್ನು ನಮ್ಮ ಕಂಪನಿ ಇನ್ನೂ ನಾಲ್ಕು ಕಾರ್ಖಾನೆಗಳಿಗೆ ಮಾರಿತು. ನಾಲ್ಕಕ್ಕೂ ನಾನೇ ಹೋಗಿ ಹಾಕಿಕೊಟ್ಟು ಬಂದೆ.