ಸತ್ತು ಬಂದವಳ ಸುದ್ದಿ

ಪರಶುರಾಂಪುರದ ಸುತ್ತಮುತ್ತ ಹೊಲಹೊಲದಲ್ಲಿ ಕೃಷಿ ಹೊಂಡ ತೋಡಿ ಕಪ್ಪು ಪ್ಲಾಸ್ಟಿಕ್ ಹಾಸಲು ಶುರುಮಾಡಿದ್ದ ಕಾಲ ಅದು. ನನಗಾಗ ಹತ್ತು ವರ್ಷ. ಶೇಂಗಾ ಕೀಳುವ ದಿನಗಳು. ಹಸಿ ಕಾಯಿ ಸುಟ್ಟು ತಿಂದು ಬಾಯಿ, ಕೈಯೆಲ್ಲ ಮಸಿ. ತೊಳೆಯಲು ಹೋಗಿ ನಾನೂ ದೊಡ್ಡವ್ವನ ಮಗ ತಿಪ್ಪೇಶನೂ ಹೊಂಡಕ್ಕೆ ಜಾರಿದೆವು. ಅವನಿಗೆ ದಡದಿಂದ ಇಳಿಬಿಟ್ಟಿದ್ದ ಹಗ್ಗ ಸಿಕ್ಕಿತು. ನನಗೆ ಸಿಗಲಿಲ್ಲ.

ಎತ್ತಿ ದಡದಲ್ಲಿ ಮಲಗಿಸಿದಾಗ ಉಸಿರೇ ಇರಲಿಲ್ಲವಂತೆ. ನನಗೆ ಮಾತ್ರ ಎಲ್ಲ ಕೇಳುತ್ತಿತ್ತು. ನೋವಿಲ್ಲ, ಹೆದರಿಕೆಯಿಲ್ಲ. ಮೈ ಹಗುರವಾಗಿತ್ತು, ಎದುರಿಗೆ ಏನೋ ಇತ್ತು. ಅದರ ನಡುವೆ ದೊಡ್ಡವ್ವನ ದನಿ ಬಂತು: “ಹೋದ್ರೆ ಹೋಗ್ಲಿ ಬಿಡ್ರಿ, ಹೆಣ್ಣು. ನನ್ ಮಗ ಉಳ್ಕಂಡ್ನಲ್ಲ, ಸಾಕು.”

ಅಪ್ಪ ನನ್ನನ್ನು ಹೆಗಲ ಮೇಲೆ ಬೋರಲು ಹಾಕಿಕೊಂಡು ಓಡಿದ. ನೀರು ಕಕ್ಕಿ ಬದುಕಿದೆ. ಎಲ್ಲರೂ ಅಪ್ಪನ ಪುಣ್ಯ ಎಂದರು. ನಾನು ವಾಪಸ್ ಬಂದದ್ದು ಆ ಮಾತಿನ ಸಿಟ್ಟಿಗೆ.

ಸತ್ತು ಬಂದವರ ಬಾಯಲ್ಲಿ ಹೋದವರ ಸುದ್ದಿ ಇರುತ್ತದೆಂದು ನಮ್ಮ ಹಟ್ಟಿಯವರ ನಂಬಿಕೆ. ಹೆಂಗಸರು ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಬಂದು ಕೂರುತ್ತಿದ್ದರು. “ನಮ್ಮತ್ತೆ ಕಂಡ್ಲೇನವ್ವ?” ಎಂದರೆ “ಚೆನ್ನಾಗೈದಾಳೆ” ಎಂದು ಬೆಲ್ಲ ತಿನ್ನುತ್ತಿದ್ದೆ.

ಮೂರನೇ ದಿನ ದೊಡ್ಡವ್ವನೂ ಬಂದಳು. ಹಿಂದೆ ತವರೂರು ನನ್ನಿವಾಳದಲ್ಲಿ ಅವಳ ತಾಯಿ ಕೊನೆಯುಸಿರು ಎಳೆಯುತ್ತಿದ್ದಾಗ, ಶೇಂಗಾ ಒಕ್ಕಣೆ ಕೆಡುತ್ತದೆಂದು ಇವಳು ಹೋಗಿರಲಿಲ್ಲ. ಅದು ಹಟ್ಟಿಗೆಲ್ಲ ಗೊತ್ತಿತ್ತು, ನನಗೂ.

“ನಮ್ಮವ್ವ ಸಿಕ್ಕಿದ್ಲೇನೆ?”

“ಸಿಕ್ಕಿದ್ಲು.”

“ಏನಂದ್ಲು?”

“ನೀನು ಅಲ್ಲಿಗೆ ಬಂದ್ರೂ ನಿನ್ ಮಕ ನೋಡಲ್ಲ ಅಂದ್ಲು.”

ಬೆಲ್ಲ ಇಟ್ಟು ಎದ್ದು ಹೋದಳು. ಅಷ್ಟು ರುಚಿಯ ಬೆಲ್ಲ ಮತ್ತೆಂದೂ ತಿಂದಿಲ್ಲ.

ಕೆಲವು ವರ್ಷಕ್ಕೆ ಹಾಸಿಗೆ ಹಿಡಿದಾಗ ನನ್ನನ್ನೇ ಕರೆಸಿದಳು. “ಅವತ್ತು ಹುಡುಗಾಟ್ಕೆ ಅಂದಿದ್ಯಾ? ಹೇಳವ್ವ, ಬೈಯಲ್ಲ.” ಹೌದು ಎನ್ನುವ ಒಂದು ಮಾತು ಸಾಕಿತ್ತು. “ನಿಜ ದೊಡ್ಡವ್ವ” ಎಂದೆ. ಸಾಯಲು ಹೆದರಿ ಹೆದರಿಯೇ ಸತ್ತಳು. ನನಗೆ ಮರುಕ ಹುಟ್ಟಲಿಲ್ಲ, ಇವತ್ತಿಗೂ ಇಲ್ಲ.

ಆದರೆ ನಾನು ಕಳೆದುಕೊಂಡದ್ದೂ ಇದೆ. ಅವತ್ತು ದಡದ ಮೇಲೆ ಎದುರಿಗೆ ಏನಿತ್ತು? ಬೆಳಕೋ, ಬರೀ ನಿಶ್ಶಬ್ದವೋ? ಕಣ್ಣು ಮುಚ್ಚಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಲ್ಲೀಗ ನಾನು ಬದುಕಿನಲ್ಲಿ ಎಂದೂ ನೋಡದ ಒಬ್ಬ ಮುದುಕಿ ಕೂತಿದ್ದಾಳೆ, ಮುಖ ಆ ಕಡೆ ತಿರುಗಿಸಿಕೊಂಡು.