ಹೊಟ್ಟೆ ಉಬ್ಬಿದ ಬ್ಯಾಟರಿ

ನಮ್ಮ ಮನೆಗೆ ಬಂದವರು ನಡುಮನೆಯಲ್ಲಿ ಮರಳು ತುಂಬಿದ ಬಕೆಟ್ಟು ಯಾಕಿದೆ ಎಂದು ಕೇಳುತ್ತಾರೆ. ಬೆಂಕಿ ಹತ್ತಿದರೆ ಆರಿಸುವುದಕ್ಕೆ ಎನ್ನುತ್ತೇನೆ. ಬೆಂಕಿ ಯಾಕೆ ಹತ್ತುತ್ತದೆ ಎಂದು ಕೇಳುತ್ತಾರೆ. ನಾನು ವಿಮಾನ ಹಾರಿಸುತ್ತೇನೆ ಎನ್ನುತ್ತೇನೆ. ಅಲ್ಲಿಗೆ ಹೆಚ್ಚಿನವರು ಕಾಫಿ ಮುಗಿಸಿ ಹೊರಡುತ್ತಾರೆ.

ನಾನು ಹಿರಿಯೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಟೀಚರ್. ಭಾನುವಾರ ಬೆಳಿಗ್ಗೆ ಐಮಂಗಲದ ಆಚೆಯ ಬೀಳು ಹೊಲವೊಂದರಲ್ಲಿ ರಿಮೋಟಿನಿಂದ ಪುಟ್ಟ ವಿಮಾನ ಹಾರಿಸುತ್ತೇನೆ. ಥರ್ಮಾಕೋಲಿನಂಥ ಹಗುರವಾದ ಹಾಳೆಯಿಂದ ಮಾಡಿದ್ದು. ನಲವತ್ತು ದಾಟಿದ ಹೆಂಗಸು ಹೀಗೆ ಮಾಡಬಹುದೇ ಎಂಬ ವಿಷಯದಲ್ಲಿ ನಮ್ಮ ನೆಂಟರಿಷ್ಟರಲ್ಲಿ ಎರಡು ಅಭಿಪ್ರಾಯಗಳಿಲ್ಲ.

ವಿಮಾನದಿಂದ ಯಾರಿಗೂ ತೊಂದರೆಯಿಲ್ಲ, ಬಿದ್ದು ಮುರಿದರೆ ಗಮ್ ಹಚ್ಚಿದರಾಯಿತು. ತಾಪತ್ರಯವೆಲ್ಲ ಅದರ ಬ್ಯಾಟರಿಯದು. ಸೋಪಿನ ಡಬ್ಬಿಯಷ್ಟಿರುವ ಲಿಥಿಯಂ ಪಾಲಿಮರ್ ಬ್ಯಾಟರಿಗೆ ಗಟ್ಟಿ ಕವಚವಿಲ್ಲ, ಮೆತ್ತನೆಯ ಬೆಳ್ಳಿಬಣ್ಣದ ಚೀಲವೇ ಅದರ ಮೈ. ಪೂರ್ತಿ ಚಾರ್ಜ್ ಮಾಡಿ ಇಟ್ಟರೆ ಕೆಡುತ್ತದೆ. ಪೂರ್ತಿ ಖಾಲಿ ಮಾಡಿ ಇಟ್ಟರೂ ಕೆಡುತ್ತದೆ. ಹಾರಿಸದ ದಿನಗಳಲ್ಲಿ ಸುಮಾರು ಅರ್ಧ ಚಾರ್ಜಿನಲ್ಲಿ, ತಂಪಾದ ಕಡೆ, ಹತ್ತಿ ಉರಿಯುವಂಥದ್ದೇನೂ ಪಕ್ಕದಲ್ಲಿಲ್ಲದಂತೆ ಇಡಬೇಕು. ಚಾರ್ಜಿಗೆ ಹಾಕಿ ಅಂಗಡಿಗೆ ಹೋಗಿಬರುವಂತಿಲ್ಲ, ಎದುರಿಗೇ ಕೂತಿರಬೇಕು. ಮದುವೆಯಾದ ಹೊಸದರಲ್ಲಿ ತಮ್ಮ ಎದುರಿಗೂ ನಾನು ಅಷ್ಟು ಹೊತ್ತು ಕೂತವಳಲ್ಲ ಎಂದು ನನ್ನ ಗಂಡ ಹೇಳುತ್ತಾರೆ.

ಮನೆಯ ಹಿಂದಿನ ಕೋಣೆಯಲ್ಲಿ, ಕಡಪ ಕಲ್ಲಿನ ಮೇಲೆ, ಒಂದು ತಗಡಿನ ಟ್ರಂಕು ಇಟ್ಟು, ಒಳಗೆ ಇಟ್ಟಿಗೆಗಳನ್ನು ಅಡ್ಡಡ್ಡ ನಿಲ್ಲಿಸಿ ಒಂದೊಂದು ಬ್ಯಾಟರಿಗೆ ಒಂದೊಂದು ಗೂಡು ಮಾಡಿದೆ. ಗಾಳಿ ಹೊರಹೋಗಲೆಂದು ಮುಚ್ಚಳಕ್ಕೆ ತೂತು ಹೊಡೆಸಿದೆ. ತೂತು ಹೊಡೆದುಕೊಟ್ಟ ವೆಲ್ಡಿಂಗ್ ಅಂಗಡಿಯವರು ಒಳಗೆ ಮೊಲ ಸಾಕುತ್ತೀರಾ ಎಂದು ಕೇಳಿದರು.

ಆ ಹೊತ್ತಿಗೆ ನನ್ನ ಮಾವ ನಮ್ಮ ಮನೆಗೆ ಬಂದರು. ಹಿರೇಗುಂಟನೂರಿನಲ್ಲಿ ಬದುಕೆಲ್ಲ ಕುರಿ ಕಾದವರು. ಸೊಂಟದ ಮೂಳೆ ಮುರಿದು ರಾಡು ಹಾಕಿಸಿಕೊಂಡ ಮೇಲೆ ಕುರಿಯ ಹಿಂದೆ ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮಂದೆಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದರು. ಅಭ್ಯಾಸಬಲದಿಂದ ಕತ್ತಲಿರುವಾಗಲೇ ಎದ್ದು ಹೊರಗೆ ಹೋಗುತ್ತಿದ್ದರು. ಹೊರಗೆ ನನ್ನ ಸ್ಕೂಟರ್ ನಿಂತಿರುತ್ತಿತ್ತು. ಅದನ್ನೊಮ್ಮೆ ನೋಡಿ ಒಳಗೆ ಬಂದು ಕೂರುತ್ತಿದ್ದರು. ನೋಡಿ ನನಗೆ ಸಂಕಟವಾಗುತ್ತಿತ್ತು.

ಒಂದು ದಿನ ನಾನು ಬ್ಯಾಟರಿ ಪರೀಕ್ಷೆ ಮಾಡುತ್ತಿದ್ದಾಗ ಪಕ್ಕಕ್ಕೆ ಬಂದು ಕೂತರು.

"ಇವಕ್ಕೇನವ್ವ ಮೇವು?"

"ಕರೆಂಟು, ಮಾವ."

"ಹೊಟ್ಟೆ ತುಂಬ ಹಾಕ್ಬೇಕಾ?"

"ಹಾರಿಸೋ ದಿನ ಮಾತ್ರ. ಬಾಕಿ ದಿನ ಅರ್ಧ ಹೊಟ್ಟೆ."

"ಬಿಸ್ಲು ತಡಿತಾವಾ?"

"ತಡಿಯಲ್ಲ. ಒತ್ತೊತ್ತಾಗಿ ಕೂಡಿದರೂ ಆಗಲ್ಲ."

"ಎಲ್ಲ ಕುರಿದೇ ಐತಲ್ಲ," ಎಂದರು. ಹೌದು ಎಂದೆ.

ಆಮೇಲೆ ಟ್ರಂಕಿನ ಕೀ ಅವರ ಹತ್ತಿರವೇ ಉಳಿಯಿತು. ನಾನು ಚಾರ್ಜಿಗೆ ಹಾಕಿದರೆ ಮುಗಿಯುವ ತನಕ ಸ್ಟೂಲಿನ ಮೇಲೆ ಕೂತು, ಆಗಾಗ ಅಂಗೈ ಹಿಂಭಾಗದಿಂದ ಮುಟ್ಟಿ ಬಿಸಿ ನೋಡುತ್ತಿದ್ದರು. ಮೀಟರಿನಲ್ಲಿ ಮೂರರ ಮುಂದೆ ಚುಕ್ಕೆಯಿಟ್ಟು ಎಂಟು ಬಂದರೆ ಅರ್ಧ ಹೊಟ್ಟೆ ಎಂದು ಕಲಿತರು. ಬೆಳಿಗ್ಗೆ ಎದ್ದವರು ಸ್ಕೂಟರ್ ನೋಡುವುದನ್ನು ಬಿಟ್ಟು ನೇರವಾಗಿ ಟ್ರಂಕಿನ ಬಳಿ ಹೋಗತೊಡಗಿದರು. ಊಟದ ಹೊತ್ತಿಗೆ ಅವುಗಳ ಯೋಗಕ್ಷೇಮದ ಮಾತೇ ನಡೆಯುತ್ತಿತ್ತು. ನನ್ನ ಗಂಡ ತಟ್ಟೆ ಹಿಡಿದು ಟಿವಿಯ ಮುಂದೆ ಹೋಗುತ್ತಿದ್ದರು.

ಬೇಸಿಗೆಯಲ್ಲಿ ಒಂದು ಶನಿವಾರ ಮರುದಿನ ಹಾರಿಸಲೆಂದು ಎಲ್ಲವನ್ನೂ ಪೂರ್ತಿ ಚಾರ್ಜ್ ಮಾಡಿದ್ದೆವು. ಆ ಸಂಜೆಯೇ ಹೊಸದುರ್ಗದಲ್ಲಿ ಹತ್ತಿರದ ನೆಂಟರೊಬ್ಬರು ತೀರಿಹೋದರು. ಮೂವರೂ ಹೊರಟೆವು, ಕರ್ಮ ಮುಗಿಯುವ ತನಕ ಅಲ್ಲೇ ಉಳಿದೆವು. ಬ್ಯಾಟರಿಗೆ ಸೂತಕ ಗೊತ್ತಿಲ್ಲ. ಬೀಗ ಹಾಕಿದ ಮನೆಯ ಸೆಕೆಯಲ್ಲಿ ಅವು ತುಂಬಿದ ಹೊಟ್ಟೆಯಲ್ಲೇ ಇದ್ದವು. ಅಲ್ಲಿಂದ ನಾನು ಪರೀಕ್ಷೆಯ ಪೇಪರ್ ತಿದ್ದಲು ನೇರವಾಗಿ ಚಿತ್ರದುರ್ಗಕ್ಕೆ ಹೋದೆ. ನನ್ನ ಗಂಡ ಅಪ್ಪನನ್ನು ಮನೆಗೆ ಬಿಟ್ಟು ಕೆಲಸಕ್ಕೆ ಹೋದರು. ಮಾವ ಕೈಕಾಲು ತೊಳೆದು ಟ್ರಂಕು ತೆರೆದರು. ಒಂದು ಬ್ಯಾಟರಿ ದಿಂಬಿನ ಹಾಗೆ ಉಬ್ಬಿತ್ತು.

ನನಗೆ ಫೋನು ಮಾಡಿದ್ದಾರೆ. ಪೇಪರ್ ತಿದ್ದುವ ಕಡೆ ಫೋನು ಒಳಗೆ ಬಿಡುವುದಿಲ್ಲ. ಕುರಿ ಹಸಿ ಮೇವು ಜಾಸ್ತಿ ತಿಂದು ಹೊಟ್ಟೆ ಉಬ್ಬರಿಸಿದರೆ ಕಾಯುತ್ತ ಕೂರುವಂತಿಲ್ಲ, ನೋಡನೋಡುತ್ತಲೇ ಸಾಯುತ್ತದೆ. ಡಾಕ್ಟರು ಬರುವಷ್ಟು ಹೊತ್ತಿಲ್ಲದಾಗ ಕುರಿಯವರು ಎಡಪಕ್ಕೆಯ ಹಿಂದಿನ ಗುಳಿಯಲ್ಲಿ ಚುಚ್ಚಿ ಗಾಳಿ ಬಿಡುತ್ತಾರೆ. ಮಾವ ಹಾಗೆ ಎಷ್ಟೋ ಕುರಿ ಉಳಿಸಿದವರು. ಗೋಣಿಚೀಲ ಹೊಲಿಯುವ ದಬ್ಬಣವನ್ನು ಹುಡುಕಿ ತಂದು, ಬ್ಯಾಟರಿಯನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿಸಿದರು. ಅದರ ಎಡಪಕ್ಕೆ ಯಾವುದು ಎಂಬುದೊಂದೇ ಅವರಿಗಿದ್ದ ಅನುಮಾನ.

ಚುಚ್ಚಿದರು. ಗಾಳಿಯೇನೋ ಬುಸ್ ಎಂದು ಬಂತು. ಹಿಂದೆಯೇ ಹೊಗೆ, ಹೊಗೆಯ ಹಿಂದೆಯೇ ಬೆಂಕಿ. ಪಕ್ಕದ ಮನೆಯಾಕೆ ಬಕೆಟ್ಟಿನ ಮರಳು ಸುರಿದು, ಕೈ ಸುಟ್ಟುಕೊಂಡ ಮಾವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಸುದ್ದಿ ಸಿಕ್ಕಿ ನಾನು ಬಸ್ಸಿನಲ್ಲಿ ನಿಂತೇ ಬಂದೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಮಾವನ ಬಲಗೈ ಪೂರ್ತಿ ಬ್ಯಾಂಡೇಜು, ಒಂದು ಕಡೆಯ ಮೀಸೆ ಇಲ್ಲ. ಹಿತ್ತಲಿನ ಬೇವಿನ ನೆರಳಿನಲ್ಲಿ ಉಳಿದ ಬ್ಯಾಟರಿಗಳನ್ನು ಎಡಗೈಯಲ್ಲೇ ತಂದು ಮಾರುದ್ದಕ್ಕೊಂದರಂತೆ ಮಣ್ಣಿನ ಮೇಲೆ ಇಟ್ಟು, ಕಾಯುತ್ತ ಕೂತಿದ್ದರು.

"ಒಂದ್ ಹೋತವ್ವ. ಉಳಿದವು ಅವೆ," ಎಂದರು.

ನನಗೆ ಹೆದರಿಕೆಯಾಗಿತ್ತು. ಹೆದರಿದರೆ ನನಗೆ ಬರುವುದು ಕೂಗಾಟವೊಂದೇ.

"ಅದು ಕುರಿ ಅಲ್ಲ ಮಾವ! ಕಣ್ಣು ಹೋಗಿದ್ದರೆ ಏನು ಮಾಡ್ತಿದ್ರಿ?"

"ಉಬ್ಬಿತ್ತು," ಎಂದರು, ಅಷ್ಟೇ.

ರಾತ್ರಿ ನನ್ನ ಗಂಡ, "ಇನ್ಮೇಲೆ ಅಪ್ಪ ಆ ಟ್ರಂಕು ಮುಟ್ಟಕೂಡ್ದು," ಎಂದರು. ಮಾವ ಕೀಯನ್ನು ಕಿಟಕಿಯ ಮೇಲೆ ಇಟ್ಟು ಮಲಗಲು ಹೋದರು. ಮರುದಿನದಿಂದ ಬಿಸಿಲು ಏರಿದ ಮೇಲೂ ಏಳಲಿಲ್ಲ. ಎದ್ದರೆ ಗೋಡೆಗೆ ಒರಗಿ ಕೂರುತ್ತಿದ್ದರು. ಸುಟ್ಟ ಕೈ ದಿನದಿನಕ್ಕೆ ಮಾಯುತ್ತಿತ್ತು, ಮನುಷ್ಯ ಮಾತ್ರ ಇಳಿದುಹೋಗುತ್ತಿದ್ದರು. ಇವರನ್ನು ಹೀಗೆ ಜೋಪಾನವಾಗಿ ಉಳಿಸಿಕೊಂಡು ನಾವು ಮಾಡುವುದೇನು ಎಂದು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಒಂದು ಭಾನುವಾರ ಕೀ ತಂದು ಅವರ ಮುಂದಿಟ್ಟೆ. ಮುಟ್ಟಲಿಲ್ಲ.

"ಉಬ್ಬಿದ್ದು ಕಂಡ್ರೆ ಏನ್ ಮಾಡ್ಬೇಕು, ಅದ್ ಹೇಳು ಮೊದ್ಲು."

"ಚುಚ್ಚಬಾರದು, ಒತ್ತಬಾರದು, ಚಾರ್ಜಿಗೆ ಹಾಕಬಾರದು. ತಣ್ಣಗಿದ್ದರೆ ಮೆಲ್ಲಗೆ ಹೊರಗೆ ಒಯ್ದು ಮರಳಿನ ಮೇಲೆ ಇಟ್ಟು ದೂರ ಬಂದುಬಿಡಬೇಕು. ಬಿಸಿ ಇದ್ದರೆ ಮುಟ್ಟಲೇಬಾರದು. ಆಮೇಲೆ ನಾನು ಹಳೇ ಬ್ಯಾಟರಿ ತಗೊಳ್ಳೋ ಕಡೆ ಕೊಟ್ಟು ಬರ್ತೀನಿ."

"ಬದುಕ್ಸೋದು?"

"ಆಗಲ್ಲ ಮಾವ."

"ಯಾರ್ ಕೈಲೂ?"

"ಯಾರ ಕೈಲೂ."

ತಮ್ಮ ಸುಟ್ಟ ಕೈ ನೋಡಿಕೊಂಡರು.

"ಬದುಕ್ಸಾಕೆ ಆಗದಂಥವನ್ನ ಯಾಕವ್ವ ಸಾಕ್ತೀಯ?"

"ಇರೋಷ್ಟು ದಿನ ಹಾರಿಸ್ತಾವಲ್ಲ ಮಾವ," ಎಂದೆ.

"ಅಷ್ಟ್ ದಿನ ಯಾರಾರ ನೋಡ್ಕಬೇಕಲ್ಲ," ಎಂದು ಕೀ ಎತ್ತಿಕೊಂಡು ಉಡುದಾರಕ್ಕೆ ಕಟ್ಟಲು ನೋಡಿದರು. ಒಂದೇ ಕೈಯಲ್ಲಿ ಗಂಟು ಬೀಳಲಿಲ್ಲ. ಮಗನನ್ನು ಕರೆದರು. ನನ್ನ ಗಂಡ ಬಂದು ನನ್ನ ಮುಖ ನೋಡಿದರು, ಕೀ ನೋಡಿದರು. ಪಕ್ಕದಲ್ಲಿ ಕೂತು, ಅಪ್ಪನ ಸೊಂಟಕ್ಕೆ ಅದನ್ನು ಬಿಗಿಯಾಗಿ ಕಟ್ಟಿದರು.