ಸ್ಕ್ರೂ ಅಕ್ಕನ ಹದಿನೆಂಟು ಲ್ಯಾಪ್‌ಟಾಪ್‌ಗಳು

ಬೆಳಗಿನ ಐದೂ ಹತ್ತು. ತರಬೇತಿ ಕೇಂದ್ರದ ಎರಡನೇ ಮಹಡಿಯ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಒಂದು ಬೋರಲು ಮಲಗಿದೆ. ಐವತ್ತೊಂದು ವರ್ಷದ ಹೆಂಗಸೊಬ್ಬರು ಗೋಡೆಗುಂಟ ಇಳಿದ ನೀರಿನ ಕಬ್ಬಿಣದ ಕೊಳವೆಯನ್ನು ಒಮ್ಮೆ ಅಂಗೈಯಿಂದ ಮುಟ್ಟಿ ಬಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ. ಮೈಯಲ್ಲಿ ಸೇರಿಕೊಂಡ ಚೂರುಪಾರು ವಿದ್ಯುತ್ತು ಕೊಳವೆಗೆ ಹರಿದುಹೋಗಲಿ ಎಂದು ಹಾಗೆ. ಅದೇನಾದರೂ ಬೆರಳ ತುದಿಯಿಂದ ಮೆಮೊರಿ ಪಟ್ಟಿಗೆ ಹಾರಿದರೆ ಪಟ್ಟಿ ಅಲ್ಲಿಗೆ ಮುಗಿದಂತೆ.

ಒಂಬತ್ತು ಸ್ಕ್ರೂಗಳು ಒಂದೊಂದಾಗಿ ಮೇಲೇಳುತ್ತವೆ. ವಾರದ ಮಾತ್ರೆಗಳನ್ನು ಇಡುವ ಏಳು ಖಾನೆಯ ಡಬ್ಬಿ ಪಕ್ಕದಲ್ಲಿದೆ. ಉದ್ದನೆಯವು ಸೋಮವಾರಕ್ಕೆ, ಗಿಡ್ಡನೆಯವು ಮಂಗಳವಾರಕ್ಕೆ. ತಳದ ಮುಚ್ಚಳ ತೆಗೆದು, ಬ್ಯಾಟರಿಯ ತಂತಿ ಬಿಡಿಸಿ, ಬೆರಳುದ್ದದ ಹಸಿರು ಪಟ್ಟಿಯನ್ನು ಓರೆಯಾಗಿ ತೂರಿಸಿ, ಎರಡೂ ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೆ ಅದುಮುತ್ತಾರೆ. ಎರಡು ಕಡೆಯ ಕ್ಲಿಪ್ಪುಗಳೂ ಟಕ್ ಎಂದು ಕಚ್ಚಿಕೊಳ್ಳುತ್ತವೆ. ಇದು ಮೂರನೆಯದು. ಇನ್ನು ಹದಿನೈದಿವೆ. ಇಷ್ಟೂ ಹೊತ್ತು ಅವರ ಎಡ ಹಿಮ್ಮಡಿ ನೆಲ ಬಡಿಯುತ್ತಲೇ ಇದೆ.

"ಮಾತಾಡ್ಸಿ, ಪರವಾಗಿಲ್ಲ. ಕೈ ಅದರ ಪಾಡಿಗೆ ಅದು ಮಾಡ್ತಿರತ್ತೆ" ಎನ್ನುತ್ತಾರೆ. "ಸುಮ್ನೆ ಕೂತ್ಕೊಳ್ಳಿ ಅಂತ ಮಾತ್ರ ಹೇಳ್ಬೇಡಿ. ಅದೊಂದು ನಂಗೆ ಬರಲ್ಲ."

ಬೀದಿಯವರೆಲ್ಲ ಇವರನ್ನು ಕರೆಯುವುದು ಸ್ಕ್ರೂ ಅಕ್ಕ ಎಂದು. ಎರಡು ಬೀದಿ ಆಚೆ, ಇಸ್ತ್ರಿ ಅಂಗಡಿಯ ಪಕ್ಕದಲ್ಲಿ, ಒಂದು ಮೇಜು ಒಂದು ದೀಪ ಹಿಡಿಸುವಷ್ಟು ಜಾಗದಲ್ಲಿ ಏಳು ವರ್ಷದಿಂದ ಇವರು ಹಳೆಯ ಲ್ಯಾಪ್‌ಟಾಪ್‌ಗಳಿಗೆ ಮೆಮೊರಿ ಹೆಚ್ಚಿಸಿ ಕೊಡುತ್ತಿದ್ದಾರೆ. ದಿನಕ್ಕೆ ಎಂಟು, ಹತ್ತು. ಶಾಲೆ ಶುರುವಾಗುವ ತಿಂಗಳಲ್ಲಿ ಹದಿನಾಲ್ಕು. ಬಂದವರಿಗೆ ಮೆಮೊರಿ ಎಂದರೇನು ಎಂದು ವಿವರಿಸಲು ಅವರದೇ ಒಂದು ದಾರಿಯಿದೆ. "ಅಡುಗೆಮನೆ ಕಟ್ಟೆ ಅಂದ್ಕೊಳ್ಳಿ. ಕಪಾಟು ಎಷ್ಟೇ ದೊಡ್ಡದಿರ್ಲಿ, ಕಟ್ಟೆ ಗೇಣುದ್ದ ಇದ್ರೆ ಹೆಚ್ಚಿದ್ದನ್ನ ಎಲ್ಲಿ ಇಡ್ತೀರಿ? ಒಂದು ತೆಗೆದು ಒಳಗಿಡು, ಇನ್ನೊಂದು ಹೊರಗೆ ತಗೊಂಡು ಬಾ, ಅದೇ ಓಡಾಟ. ನಾನು ಕಟ್ಟೆ ಉದ್ದ ಮಾಡಿ ಕೊಡ್ತೀನಿ. ಅಡುಗೆ ನೀವೇ ಮಾಡ್ಕೋಬೇಕು."

ಇವತ್ತಿನ ಕೆಲಸ ಅಂಗಡಿಯದಲ್ಲ. ಹೆಂಗಸರಿಗೆ ಕಂಪ್ಯೂಟರ್ ಕಲಿಸುವ ಈ ಕೇಂದ್ರದಲ್ಲಿ ಹತ್ತು ಗಂಟೆಗೆ ಟೈಪಿಂಗ್ ವೇಗದ ಪರೀಕ್ಷೆಯಿದೆ. ನಿಮಿಷಕ್ಕೆ ಮೂವತ್ತೈದು ಪದ ಹೊಡೆದವರಿಗೆ ನೋಂದಣಿ ಕಚೇರಿಯ ಗುಮಾಸ್ತೆ ಕೆಲಸ. ಹದಿನೆಂಟು ಲ್ಯಾಪ್‌ಟಾಪ್, ಹದಿನೆಂಟು ಜನ. ಹೆಚ್ಚುವರಿ ಎಂಬುದು ಒಂದೂ ಇಲ್ಲ. ಎಂಟೂವರೆಗೆ ತಪಾಸಣೆಯವರು ಬಂದು ಕೋಣೆಗೆ ಬೀಗ ಹಾಕುತ್ತಾರೆ. ಹೊರಗೆ ಮೆಟ್ಟಿಲ ಮೇಲೆ ಕುಳಿತು, ಮಡಿಲಲ್ಲಿ ಕೀಬೋರ್ಡ್ ಇದೆಯೇನೋ ಎಂಬಂತೆ ಮೊಣಕಾಲ ಮೇಲೆ ಬೆರಳಾಡಿಸುತ್ತಿರುವವರು ಸ್ಕ್ರೂ ಅಕ್ಕನ ನಾದಿನಿ. ಅವರಿಗೆ ಇದು ಮೂರನೇ ಸಲ. ಬರುವ ತಿಂಗಳು ನಲವತ್ತು ತುಂಬುತ್ತದೆ. ಆಮೇಲೆ ಅರ್ಜಿ ಹಾಕುವಂತಿಲ್ಲ.

"ಒಂಬತ್ತು ವರ್ಷ ನಮ್ಮತ್ತೆನ ನೋಡ್ಕೊಂಡ್ಳು" ಎನ್ನುತ್ತಾರೆ ಅಕ್ಕ, ನಾಲ್ಕನೆಯದರ ಮುಚ್ಚಳ ತೆಗೆಯುತ್ತಾ. "ಅತ್ತೆ ಹೋದ್ಮೇಲೆ ಮನೇಲಿ ಇವಳದ್ದು ಅಂತ ಒಂದು ಕೆಲಸ ಉಳೀಲಿಲ್ಲ. ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸ್ತಾಳೆ. ಹೇಳಲ್ಲ, ಆದ್ರೆ ನಂಗೆ ಗೊತ್ತಾಗತ್ತೆ."

ಹಿಂದಿನ ಎರಡು ಸಲವೂ ಏನಾಯಿತು ಎಂದು ಅವರು ನೆನಪಿಸಿಕೊಳ್ಳುವಾಗ ಸ್ಕ್ರೂಡ್ರೈವರ್ ಒಂದು ಕ್ಷಣ ನಿಲ್ಲುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಇದ್ದದ್ದು ನಾಲ್ಕೇ ಜಿಬಿ ಮೆಮೊರಿ. ಪರೀಕ್ಷೆಯ ಜೊತೆಗೆ ಕ್ಯಾಮೆರಾ ಕಾವಲೂ ಒಟ್ಟಿಗೆ ಓಡಬೇಕು. ಒತ್ತಿದ ಅಕ್ಷರ ನಾಲ್ಕು ಸೆಕೆಂಡಿನ ನಂತರ ಪರದೆಯ ಮೇಲೆ ಮೂಡುತ್ತಿತ್ತು. ಹಾಳೆಯಲ್ಲಿ ಬರೆದದ್ದು ಮಾತ್ರ ಇಷ್ಟು: ಇಪ್ಪತ್ತು ಪದ, ಅನುತ್ತೀರ್ಣ. ಎರಡನೇ ಸಲ ಇಪ್ಪತ್ತೊಂದು. ಇಡೀ ತಂಡದಲ್ಲಿ ಗೆದ್ದವರು ನಾಲ್ಕು ಜನ.

ಅದು ಸ್ಕ್ರೂ ಅಕ್ಕನಿಗೆ ಯಾಕಷ್ಟು ನಾಟಿತು ಎನ್ನುವುದಕ್ಕೆ ಅವರ ಹಿಂದಿನ ಬದುಕಿಗೆ ಹೋಗಬೇಕು. ವಿಮಾ ಕಚೇರಿಯೊಂದರಲ್ಲಿ ಅವರು ಹನ್ನೊಂದು ವರ್ಷ ಅರ್ಜಿಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಮಾಡಿದ್ದಾರೆ. ಅದರಲ್ಲಿ ಮೂರು ವರ್ಷ ಮೂಲೆಯ ಮೇಜು, ಎಲ್ಲರೂ ಬಿಟ್ಟ ಹಳೆಯ ಯಂತ್ರ. ಪಕ್ಕದವರು ಐವತ್ತು ಅರ್ಜಿ ಮುಗಿಸುವಾಗ ಇವರದು ಮೂವತ್ತು. ಮೇಲಿನವರು ದಿನಾ ಸಂಜೆ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು. "'ಇನ್ನೂ ಆಗಿಲ್ವಾ?' ಅಷ್ಟೇ ಕೇಳೋರು. ಬೈತಿರ್ಲಿಲ್ಲ. ಬೈದಿದ್ರೆ ಜಗಳಾನಾದ್ರೂ ಆಡಬಹುದಿತ್ತು." ಮನೆಗೆ ಬಂದರೆ ಪಾತ್ರೆ ತೊಳೆಯುವಾಗ, ಮಗಳಿಗೆ ಜಡೆ ಹಾಕುವಾಗ, ತಾನು ನಿಧಾನ ಎಂಬುದೇ ತಲೆಯಲ್ಲಿ. ಎಲ್ಲವನ್ನೂ ಅವಸರದಲ್ಲಿ ಮಾಡತೊಡಗಿದರು. ಊಟ ಅವಸರ, ನಿದ್ದೆ ಅವಸರ. ಒಂದು ದಿನ ರಿಪೇರಿಯವನೊಬ್ಬ ಬಂದು ಯಂತ್ರದೊಳಗೆ ಪುಟ್ಟ ಪಟ್ಟಿಯೊಂದನ್ನು ಸಿಕ್ಕಿಸಿ ಹೋದ. ಅದೇ ಸಂಜೆ ಇವರ ಮೇಜಿನ ಮೇಲೆ ಮುಗಿದ ಅರ್ಜಿಗಳು ಐವತ್ತನಾಲ್ಕು.

"ಯಾರೂ ಏನೂ ಹೇಳ್ಲಿಲ್ಲ. 'ಅರೆ, ತಪ್ಪು ನಿಮ್ಮದಲ್ಲ ಕಣಮ್ಮ' ಅಂತ ಒಬ್ರಾದ್ರೂ ಅಂದಿದ್ರೆ ಸಾಕಿತ್ತು. ನಾನು ಮೂರು ವರ್ಷ ನಿಧಾನ ಅಂತ ನಂಬ್ಕೊಂಡಿದ್ದೆ. ಈಗ್ಲೂ ಸುಮ್ನೆ ಕೂತ್ರೆ ಹಿಂದಿನಿಂದ ಯಾರೋ ಬಂದು ಇನ್ನೂ ಆಗಿಲ್ವಾ ಅಂತಾರೆ ಅನ್ಸತ್ತೆ. ಯಾರೂ ಬರಲ್ಲ. ಆದ್ರೂ ಅನ್ಸತ್ತೆ."

ಕಚೇರಿ ಮುಚ್ಚಿದಾಗ ಅವರು ಬೇರೆ ಕಚೇರಿ ಹುಡುಕಲಿಲ್ಲ. ಆ ಪಟ್ಟಿ ಹಾಕುವುದನ್ನು ಕಲಿತರು. ಕಲಿಯುವಾಗ ಅವರನ್ನು ಸೋಲಿಸಿದ್ದು ಸ್ಕ್ರೂ ಅಲ್ಲ, ಕಾಯುವುದು. ಹೊಸ ಮೆಮೊರಿ ಹಾಕಿ ಮೊದಲ ಸಲ ಆನ್ ಮಾಡಿದಾಗ ಕೆಲವು ಲ್ಯಾಪ್‌ಟಾಪ್‌ಗಳು ಎರಡು ಮೂರು ನಿಮಿಷ ಕಪ್ಪಗೆ ನಿಂತುಬಿಡುತ್ತವೆ; ಒಳಗೆ ಹೊಸ ಪಟ್ಟಿಯನ್ನು ಅಳೆದು ಹೊಂದಿಸಿಕೊಳ್ಳುತ್ತಿರುತ್ತವೆ. ಆಗ ಮುಟ್ಟಬಾರದು. "ನಾನು ನಲವತ್ತು ಸೆಕೆಂಡಿಗೇ ಆಫ್ ಮಾಡ್ತಿದ್ದೆ. ಬಿಚ್ಚಿ, ಒತ್ತಿ, ಮತ್ತೆ ಆನ್ ಮಾಡಿ, ಮತ್ತೆ ಆಫ್. ಹಾಗೇ ಒಂದು ಕ್ಲಿಪ್ಪು ಮುರಿದೆ. ಚೆನ್ನಾಗಿದ್ದ ಲ್ಯಾಪ್‌ಟಾಪು. ಹೊಸ ಸೊಸೆ ಮನೆಗೆ ಬಂದ ದಿನವೇ ಎಲ್ಲ ಡಬ್ಬಿ ಎಲ್ಲಿದೆ ಹೇಳು ಅಂದ್ರೆ ಹೇಗೆ ಹೇಳ್ತಾಳೆ?"

ಮೆಮೊರಿ ತರಿಸಿ ಎಂದು ಅಕ್ಕ ಈ ಕೇಂದ್ರದ ಮುಖ್ಯಸ್ಥೆಯ ಬೆನ್ನು ಹತ್ತಿ ಐದು ತಿಂಗಳಾಗಿದೆ. ಮುಖ್ಯಸ್ಥೆ ಮೂರು ಪತ್ರ ಬರೆದ ಮೇಲೆ, ಹಳೆಯದರ ಪಕ್ಕದಲ್ಲಿ ಕೂರಿಸಲು ಇನ್ನೂ ನಾಲ್ಕು ಜಿಬಿಯ ಹದಿನೆಂಟು ಪಟ್ಟಿಗಳು ಬಂದದ್ದು ನಿನ್ನೆ ಸಂಜೆ. ಹಾಗಾಗಿ ಈ ಬೆಳಗಿನ ಓಟ. ಯಾವ ಲ್ಯಾಪ್‌ಟಾಪ್ ಯಾರಿಗೆ ಎನ್ನುವುದನ್ನು ಬಾಗಿಲಲ್ಲಿ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. "ಅವಳಿಗೆ ಯಾವುದು ಬರತ್ತೋ ನಂಗೇನು ಗೊತ್ತು? ಅದಕ್ಕೇ ಹದಿನೆಂಟೂ ಅವಳದ್ದೇ ಅಂದ್ಕೊಂಡು ಮಾಡ್ತಿದೀನಿ."

ಏಳೂ ಐವತ್ತಕ್ಕೆ ಹದಿನೇಳು ಮುಗಿದಿವೆ. ಹನ್ನೊಂದನೇ ನಂಬರಿನದು ಮಾತ್ರ ಕಪ್ಪಗೆ ಕೂತಿದೆ. ಆರು ನಿಮಿಷ ಕಾದಾಯಿತು. ಇದು ಹೊಂದಿಸಿಕೊಳ್ಳುವ ಕಪ್ಪಲ್ಲ. ಅಕ್ಕ ಬಿಚ್ಚುತ್ತಾರೆ. ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುತ್ತಾರೆ, ಮತ್ತೆ ಹಾಕುತ್ತಾರೆ. ಕಪ್ಪು. ಟಾರ್ಚು ಬಿಟ್ಟು ನೋಡಿದರೆ, ಎರಡನೇ ಪಟ್ಟಿ ಕೂರುವ ಜಾಗದಲ್ಲಿ ಒಂದು ಲೋಹದ ತಂತು ಬಾಗಿದೆ. ಉಳಿದದ್ದು ಒಂದೇ ಜಾಗ, ನಾಲ್ಕೇ ಜಿಬಿ.

ಮುಖ್ಯಸ್ಥೆ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. "ಹಳೇ ನಾಲ್ಕು ಜಿಬಿನೇ ಒಂದನ್ನ ಇಟ್ಟು ಬಿಡಿ ಅಕ್ಕ. ಆನ್ ಆಗತ್ತಲ್ಲ? ತಪಾಸಣೆಯವರು ಅಷ್ಟೇ ನೋಡೋದು."

"ಆನ್ ಆಗತ್ತೆ ಮೇಡಂ. ಅದರ ಮುಂದೆ ಕೂತವಳು ಏನಾಗ್ತಾಳೆ?"

"ಹದಿನೆಂಟರಲ್ಲಿ ಒಂದು."

"ಆ ಒಂದರ ಮುಂದೆ ನಾನು ಮೂರು ವರ್ಷ ಕೂತಿದ್ದೆ."

ಅಕ್ಕ ತಮ್ಮ ಚೀಲದಿಂದ ಇನ್ನೊಂದು ಲ್ಯಾಪ್‌ಟಾಪ್ ತೆಗೆದು ಬೋರಲು ಹಾಕುತ್ತಾರೆ. ಅಂಗಡಿಯ ಕೆಲಸವೆಲ್ಲ ನಡೆಯುವ ಅವರ ಸ್ವಂತದ್ದು. ಅದರೊಳಗೆ ಎಂಟು ಜಿಬಿಯ ಒಂದೇ ಪಟ್ಟಿಯಿದೆ. ಹನ್ನೊಂದನೇ ನಂಬರಿನ ಸರಿಯಿರುವ ಒಂದು ಜಾಗಕ್ಕೆ ಅಷ್ಟು ಸಾಕು. ಕೊಳವೆ ಮುಟ್ಟಿ ಬರುತ್ತಾರೆ, ಕಿತ್ತು ತೂರಿಸುತ್ತಾರೆ, ಅದುಮುತ್ತಾರೆ. ಟಕ್. ಎಂಟೂ ಹದಿನೇಳು. ಆನ್ ಮಾಡುತ್ತಾರೆ. ಕಪ್ಪು.

ಮೆಟ್ಟಿಲಿನಿಂದ ನಾದಿನಿಯ ದನಿ. "ಅತ್ತಿಗೆ, ನೆಲ ಬಡಿಯೋದು ಇಲ್ಲೀವರೆಗೂ ಕೇಳ್ತಿದೆ. ಕೆಳಗಿನ ಮಹಡಿಯವರು ಬರ್ತಾರೆ ಈಗ."

"ನೀನು ನಿನ್ನ ಬೆರಳು ನೋಡ್ಕೋ."

"ಆಫ್ ಮಾಡಿ ಆನ್ ಮಾಡೋಣ್ವಾ?" ಎಂದು ಮುಖ್ಯಸ್ಥೆ ಕೈ ಮುಂದೆ ತರುತ್ತಾರೆ.

"ಮುಟ್ಟಬೇಡಿ." ಅಕ್ಕ ತಮ್ಮೆರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕುಳಿತುಬಿಡುತ್ತಾರೆ. ಒಂದು ನಿಮಿಷ. ಒಂದೂವರೆ. ಕಪ್ಪು ಪರದೆಯಲ್ಲಿ ಇಬ್ಬರು ಹೆಂಗಸರ ಮುಖಗಳು ಕಾಣುತ್ತವೆ. ಎರಡು ನಿಮಿಷ. ಎರಡು ನಿಮಿಷ ಹತ್ತು ಸೆಕೆಂಡಿಗೆ ಪರದೆ ಬೆಳ್ಳಗಾಗಿ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎಂಟು ಜಿಬಿ ಎಂದು ತೋರಿಸುತ್ತದೆ. ಅಕ್ಕ ಡಬ್ಬಿಯಿಂದ ಒಂಬತ್ತು ಸ್ಕ್ರೂಗಳನ್ನು ಎಣಿಸಿ ತೆಗೆಯುತ್ತಾರೆ.

ತಪಾಸಣೆ ಮುಗಿಯುತ್ತದೆ. ಚೀಟಿಯಲ್ಲಿ ನಾದಿನಿಗೆ ನಾಲ್ಕನೆಯದು ಬರುತ್ತದೆ, ಹನ್ನೊಂದನೆಯದು ಯಾರೋ ಇಪ್ಪತ್ತರ ಹುಡುಗಿಗೆ. ಹತ್ತು ಗಂಟೆಗೆ ಬಾಗಿಲು ಮುಚ್ಚಿ, ಒಳಗಿನಿಂದ ಹದಿನೆಂಟು ಕೀಬೋರ್ಡ್‌ಗಳ ಸದ್ದು ಒಟ್ಟಿಗೆ ಏಳುತ್ತದೆ. ಅಕ್ಕ ಮೊಗಸಾಲೆಯ ಉದ್ದಕ್ಕೂ ನಡೆಯುತ್ತಾರೆ. ತೊಳೆದ ಲೋಟವನ್ನು ಇನ್ನೊಮ್ಮೆ ತೊಳೆಯುತ್ತಾರೆ. ಬಾಗಿಲಿಗೆ ಕಿವಿಗೊಟ್ಟು ಸದ್ದು ಎಲ್ಲಾದರೂ ತುಂಡಾಗುತ್ತದೆಯೇ ಎಂದು ಆಲಿಸುತ್ತಾರೆ.

ಪರೀಕ್ಷೆ ಹತ್ತೇ ನಿಮಿಷ. ಅಂಕ ಪರದೆಯ ಮೇಲೆಯೇ ಬರುತ್ತದೆ. ಹೊರಬಂದ ನಾದಿನಿ ಮೊದಲು ಬೆರಳುಗಳನ್ನು ಒಂದೊಂದಾಗಿ ಲಟಕ್ ಎನ್ನಿಸುತ್ತಾರೆ.

"ಮೂವತ್ತಮೂರು."

ಎರಡು ಪದ ಕಡಿಮೆ. ಅಕ್ಕನ ಮುಖದ ಬಣ್ಣ ಇಳಿಯುತ್ತದೆ. "ಎಲ್ಲಿ ನಿಂತಿತು? ಕ್ಯಾಮೆರಾ ಶುರುವಾದಾಗ್ಲಾ?"

"ಎಲ್ಲೂ ನಿಲ್ಲಲಿಲ್ಲ ಅತ್ತಿಗೆ. ನಾನೇ ನಿಂತೆ. ನಡುವೆ ಒಂದು ಸಾಲು ಹಾರಿಸಿಬಿಟ್ಟೆ ಅನ್ನಿಸ್ತು, ಹಿಂದೆ ಹೋಗಿ ಹುಡುಕ್ದೆ. ಹಾರಿಸಿರ್ಲಿಲ್ಲ."

"ನಿಜ ಹೇಳು. ನನ್ನ ಸಮಾಧಾನಕ್ಕೆ ಹೇಳ್ಬೇಡ."

"ನಿಮ್ಮನ್ನ ಸಮಾಧಾನ ಮಾಡೋಕೆ ಯಾರ ಕೈಲಿ ಆಗತ್ತೆ?" ನಾದಿನಿ ಗೋಡೆಗೆ ಒರಗಿ ಮೆಲ್ಲಗೆ ನಗುತ್ತಾರೆ, ಕಣ್ಣು ಒದ್ದೆಯಾಗಿದ್ದರೂ ನಗು ನಿಲ್ಲುವುದಿಲ್ಲ. "ಹೋದ ಎರಡು ಸಲ ಅತ್ತಿದ್ದೆನಲ್ಲ, ಯಾಕೆ ಅಳ್ತಿದೀನಿ ಅಂತಾನೇ ಗೊತ್ತಿರ್ಲಿಲ್ಲ. ಈ ಸಲ ಗೊತ್ತು. ಮೂವತ್ತಮೂರು ನನ್ನ ಕೈಯಿಂದ ಬಂದಿದ್ದು. ಆಸ್ಪತ್ರೆ ಚೀಟಿ ಕೌಂಟರಿನವರು ಮೂವತ್ತು ಸಾಕು ಅಂತಾರೆ. ಸೋಮವಾರ ಹೋಗಿ ಕೇಳ್ತೀನಿ."

ಮುಖ್ಯಸ್ಥೆ ಫಲಿತಾಂಶದ ಹಾಳೆ ಹಿಡಿದು ಬರುತ್ತಾರೆ. ಹದಿನೆಂಟರಲ್ಲಿ ಹದಿಮೂರು ಜನ ಗೆದ್ದಿದ್ದಾರೆ. ಅಕ್ಕ ತಲೆಯಾಡಿಸಿ, ಮೆಮೊರಿಯಿಲ್ಲದ ತಮ್ಮ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕುತ್ತಾರೆ. ಅಂಗಡಿ ತೆರೆಯಲು ಆಗಲೇ ಹೊತ್ತಾಗಿದೆ. ನಿಮಗಾಗಿ ಏನಾದರೂ ಬೇಕೆನಿಸುತ್ತದೆಯೇ ಎಂದು ಕೇಳಿದರೆ, ಮೊದಲ ಬಾರಿಗೆ ಅವರ ಕಾಲುಗಳು ಒಂದು ಕಡೆ ನಿಲ್ಲುತ್ತವೆ.

"ಆ ಅಂಕದ ಹಾಳೆ ಇದೆಯಲ್ಲ, ಅದರಲ್ಲಿ ಮನುಷ್ಯರ ವೇಗದ ಪಕ್ಕ ಇನ್ನೊಂದು ಕಾಲಂ ಇರ್ಲಿ. ಮಷಿನ್ ಸರಿ ಇತ್ತಾ ಅಂತ. ಯಾರಾದ್ರೂ ನೋಡಿ ಅಲ್ಲಿ ಸಹಿ ಹಾಕ್ಬೇಕು. ಇವತ್ತು ಹದಿನೆಂಟು ಹಾಳೆಗೂ ನಾನು ಹಾಕ್ತಿದ್ದೆ." ನಾದಿನಿಯ ಕಡೆ ಒಮ್ಮೆ ನೋಡುತ್ತಾರೆ. "ಇವಳದಕ್ಕೂ."